ಉದ್ಯಮಿ ವೀಸಾ: ವ್ಯವಹಾರ ಯೋಜನೆಯ ಬದಲಾವಣೆ (ಬ್ರಿಟನ್)

ಉದ್ಯಮ ಕಟ್ಟಲೆಂದು ವೀಸಾ ಪಡೆದು ಬ್ರಿಟನ್ನಿಗೆ ಹೋದವರು ಅರ್ಜಿಯ ಜತೆ ಕೊಟ್ಟ ವ್ಯವಹಾರ ಯೋಜನೆಯನ್ನು ಆಮೇಲೆ ಎಷ್ಟು ಬದಲಿಸಬಹುದು ಎಂಬುದು ಅಲ್ಲಿನ ವಲಸೆ ನಿಯಮಗಳಲ್ಲಿ ಅಡಗಿದೆ. ಬದಲಾವಣೆಗೆ ನಿಷೇಧವಿಲ್ಲ. ಆದರೆ ಹೊಸ ಯೋಜನೆಯೂ ಹಳೆಯದು ಎದುರಿಸಿದ ಪರೀಕ್ಷೆಯನ್ನೇ ಎದುರಿಸಬೇಕು.

2008ರಲ್ಲಿ ಶುರುವಾದ ಟಿಯರ್ 1 ಉದ್ಯಮಿ ವೀಸಾದಲ್ಲಿ ಈ ಪ್ರಶ್ನೆ ಇಷ್ಟು ತೊಡಕಿನದಾಗಿರಲಿಲ್ಲ. ಆ ವೀಸಾ ಅಳೆಯುತ್ತಿದ್ದದ್ದು ಮುಖ್ಯವಾಗಿ ಹಣ ಮತ್ತು ಉದ್ಯೋಗವನ್ನು. ಸಾಮಾನ್ಯವಾಗಿ 2 ಲಕ್ಷ ಪೌಂಡ್ ಹೂಡಬೇಕಿತ್ತು. ಒಂದೇ ಕಂಪನಿಗೆ ಹಾಕಿದರೂ ಸರಿ, ನಾಲ್ಕಕ್ಕೆ ಹಂಚಿದರೂ ಸರಿ. ಇಬ್ಬರಿಗೆ ತಲಾ 12 ತಿಂಗಳ ಪೂರ್ಣಾವಧಿ ಕೆಲಸ ಕೊಡಬೇಕಿತ್ತು. ಅರ್ಜಿದಾರರು ನಿಜವಾಗಿಯೂ ಉದ್ಯಮ ನಡೆಸುವವರೇ ಎಂಬ ಪರಿಶೀಲನೆ 2013ರಲ್ಲಿ ಸೇರಿಕೊಂಡ ಮೇಲೆ ಯೋಜನೆಯ ಕಾಗದಕ್ಕೆ ತೂಕ ಬಂತು. 2019ರ ಮಾರ್ಚ್ 29ರಂದು ಹೊಸಬರಿಗೆ ಈ ವೀಸಾ ನಿಂತಿತು.

ಅದೇ ದಿನ ಇನ್ನೋವೇಟರ್ ವೀಸಾ ಬಂತು. ಅದು 2023ರ ಏಪ್ರಿಲ್ 13ರಿಂದ ಇನ್ನೋವೇಟರ್ ಫೌಂಡರ್ ಎಂಬ ರೂಪ ಪಡೆದು, 50,000 ಪೌಂಡ್ ಬಂಡವಾಳದ ಕಡ್ಡಾಯವನ್ನೂ ಕೈಬಿಟ್ಟಿತು. ಈಗ ಅಳೆಯುವುದು ಆಲೋಚನೆಯನ್ನು. ಯೋಜನೆ ಬದಲಾಯಿಸುವುದು ಸೂಕ್ಷ್ಮ ವಿಷಯವಾದದ್ದು ಇದೇ ಕಾರಣಕ್ಕೆ: ವೀಸಾ ನಿಂತಿರುವುದೇ ಆ ಯೋಜನೆಯ ಮೇಲೆ. ಗೃಹ ಇಲಾಖೆ ಮಾನ್ಯ ಮಾಡಿದ ಅನುಮೋದನಾ ಸಂಸ್ಥೆಯೊಂದು ಯೋಜನೆಯಲ್ಲಿ ಹೊಸತನವಿದೆ, ಅದು ನಡೆಯುವಂಥದ್ದು, ದೊಡ್ಡದಾಗಿ ಬೆಳೆಯಬಲ್ಲದ್ದು ಎಂದು ಪತ್ರ ಕೊಟ್ಟರೆ ಮಾತ್ರ ಮೂರು ವರ್ಷದ ವೀಸಾ ಸಿಗುತ್ತದೆ. ಕನಿಷ್ಠ ಎರಡು ಸಲ, ಸುಮಾರು 12ನೇ ಮತ್ತು 24ನೇ ತಿಂಗಳಲ್ಲಿ, ಸಂಸ್ಥೆ ಸಂಸ್ಥಾಪಕರನ್ನು ಕರೆಸಿ ಪ್ರಗತಿ ನೋಡುತ್ತದೆ.

ಮೂಲ ಉದ್ಯಮದಲ್ಲಿ ಸಮಂಜಸ ಪ್ರಗತಿಯಿಲ್ಲ, ಅದರ ಬದಲು ಮಾನದಂಡಕ್ಕೆ ಒಗ್ಗುವ ಬೇರೊಂದು ಉದ್ಯಮವೂ ಕೈಯಲ್ಲಿಲ್ಲ ಎಂದಾದರೆ ಸಂಸ್ಥೆ ಅನುಮೋದನೆಯನ್ನು ಹಿಂಪಡೆಯಬಹುದು. ಬೇರೆ ಉದ್ಯಮಕ್ಕೆ ಅವಕಾಶ ಇರುವುದು ಈ ಎರಡನೇ ಷರತ್ತಿನಲ್ಲೇ. ಅನುಮೋದನೆ ಹೋದರೆ ಗೃಹ ಇಲಾಖೆ ವೀಸಾ ಅವಧಿಯನ್ನು ಮೊಟಕುಗೊಳಿಸಬಹುದು. ಹಾಗಾದಾಗ ಸಾಮಾನ್ಯವಾಗಿ ಉಳಿಯುವುದು 60 ದಿನ. ಅಷ್ಟರೊಳಗೆ ಹೊಸ ಅರ್ಜಿ ಹಾಕಬೇಕು, ಇಲ್ಲವೇ ದೇಶ ಬಿಡಬೇಕು. ಹೆಂಡತಿ ಮಕ್ಕಳ ವೀಸಾ ಕೂಡ ಇದಕ್ಕೇ ತಗಲಿಕೊಂಡಿರುವುದರಿಂದ, ದಿಕ್ಕು ಬದಲಿಸುವ ಯೋಚನೆ ಬಂದಾಗಲೇ ಸಂಸ್ಥೆಗೆ ಬರಹದಲ್ಲಿ ತಿಳಿಸುವುದು ಕ್ಷೇಮ. ಮುಂದಿನ ಭೇಟಿಯವರೆಗೆ ಕಾಯುವುದು ಒಳ್ಳೆಯದಲ್ಲ.

ಯಾವುದು ತಿದ್ದುಪಡಿ, ಯಾವುದು ಹೊಸ ಉದ್ಯಮ? ಒಂದು ಉದಾಹರಣೆ ನೋಡಬಹುದು. ದೊಡ್ಡ ಆಸ್ಪತ್ರೆಗಳಿಗೆಂದು ರೋಗಿಗಳ ಸರದಿ ನಿಭಾಯಿಸುವ ಸಾಫ್ಟ್‌ವೇರ್ ಮಾಡಿದವರು, ಆಸ್ಪತ್ರೆಗಳ ಖರೀದಿ ನಿಧಾನವೆಂದು ಕಂಡು, ಅದನ್ನೇ ಹಲ್ಲಿನ ಕ್ಲಿನಿಕ್‌ಗಳಿಗೆ ತಿಂಗಳ ಚಂದಾಕ್ಕೆ ಮಾರತೊಡಗುತ್ತಾರೆ. ಗಿರಾಕಿ ಬದಲಾದರು, ದರ ಬದಲಾಯಿತು. ಮೂಲ ಆಲೋಚನೆ ಹಾಗೇ ಇದೆ. ಅವರೇ ಸಾಫ್ಟ್‌ವೇರ್ ಬಿಟ್ಟು ದಿನಸಿ ಆಮದಿಗೆ ಇಳಿದರೆ ಅದು ಬೇರೆಯೇ ಉದ್ಯಮ, ಹೊಸತನದ ಪರೀಕ್ಷೆಯಲ್ಲಿ ಅದು ನಿಲ್ಲುವುದು ಕಷ್ಟ. ಇಂಥ ಬದಲಾವಣೆ ಮುಚ್ಚಿಟ್ಟರೆ ಮುಚ್ಚುವಂಥದ್ದೂ ಅಲ್ಲ: ಬ್ರಿಟನ್ನಿನ ಪ್ರತಿ ಕಂಪನಿಯೂ ತನ್ನ ವ್ಯವಹಾರದ ಸ್ವರೂಪ ಸೂಚಿಸುವ ಸಂಖ್ಯೆಯನ್ನು ಕಂಪನೀಸ್ ಹೌಸ್‌ನಲ್ಲಿ ನಮೂದಿಸಿರುತ್ತದೆ, ಆ ದಾಖಲೆಯನ್ನು ಯಾರು ಬೇಕಾದರೂ ನೋಡಬಹುದು. ಹೊಸ ಯೋಜನೆಯೂ ಸಂಸ್ಥಾಪಕರ ಸ್ವಂತದ್ದಾಗಿರಬೇಕು ಅಥವಾ ಅದರಲ್ಲಿ ಅವರ ಪಾಲು ದೊಡ್ಡದಿರಬೇಕು. ಬೇರೆಯವರು ಆಗಲೇ ನಡೆಸುತ್ತಿರುವ ಅಂಗಡಿಗೆ ಪಾಲುದಾರರಾಗಿ ಸೇರಿಕೊಂಡರೆ ಸಾಲದು.

ವೀಸಾ ವಿಸ್ತರಣೆಯ ಹೊತ್ತಿಗೆ ಈ ವ್ಯತ್ಯಾಸ ನಿರ್ಣಾಯಕ. ಅದೇ ಉದ್ಯಮ ಮುಂದುವರಿದಿದ್ದರೆ ಹಿಂದಿನ ಯೋಜನೆಗೆ ಹೋಲಿಸಿ ಸಾಧನೆ ನೋಡುತ್ತಾರೆ. ಕಂಪನಿ ವಹಿವಾಟು ನಡೆಸುತ್ತಿದೆಯೇ, ಸಂಸ್ಥಾಪಕರು ದಿನನಿತ್ಯದ ಕೆಲಸದಲ್ಲಿದ್ದಾರೆಯೇ ಎಂದು ಕೇಳುತ್ತಾರೆ. ಬೇರೆ ಉದ್ಯಮವಾದರೆ ಹೊಸತನದಿಂದ ಹಿಡಿದು ಎಲ್ಲ ಪರೀಕ್ಷೆಯೂ ಮೊದಲಿನಿಂದ.

ಬದಲಾವಣೆಯ ನಿಜವಾದ ಬೆಲೆ ಕಾಣುವುದು ಕಾಯಂ ವಾಸದ ಅರ್ಜಿಯಲ್ಲಿ. ಮೂರು ವರ್ಷದ ನಂತರ ಈ ಅರ್ಜಿ ಹಾಕಬಹುದು, ಆದರೆ ಏಳು ಮಾನದಂಡಗಳಲ್ಲಿ ಎರಡನ್ನಾದರೂ ಉದ್ಯಮ ಮುಟ್ಟಿರಬೇಕು. 50,000 ಪೌಂಡ್ ಹೂಡಿ ಅದನ್ನು ಯೋಜನೆಯಂತೆ ಖರ್ಚು ಮಾಡಿರುವುದು ಒಂದು; 10 ಪೂರ್ಣಾವಧಿ ಉದ್ಯೋಗ ಸೃಷ್ಟಿ ಇನ್ನೊಂದು; ಕಳೆದ ಪೂರ್ಣ ಲೆಕ್ಕವರ್ಷದಲ್ಲಿ 10 ಲಕ್ಷ ಪೌಂಡ್ ಆದಾಯ ಮತ್ತೊಂದು. ಎರಡನೇ ವರ್ಷದ ಕೊನೆಗೆ ಹೊಸ ಉದ್ಯಮ ಹಿಡಿದವರಿಗೆ ಇಷ್ಟನ್ನು ಒಂದೇ ವರ್ಷದಲ್ಲಿ ಮುಟ್ಟುವುದು ದುಸ್ತರ. ಅಂಥವರು ಇನ್ನೊಂದು ಅವಧಿಗೆ ವೀಸಾ ವಿಸ್ತರಿಸಿಕೊಳ್ಳುವುದೇ ವಾಸ್ತವದ ದಾರಿ. ಇಬ್ಬರು ಸಂಸ್ಥಾಪಕರಿದ್ದರೆ ಒಂದೇ ಸಾಧನೆಯನ್ನು ಇಬ್ಬರೂ ತೋರಿಸುವಂತಿಲ್ಲ: ಉದ್ಯೋಗದ ಮಾನದಂಡವನ್ನು ಇಬ್ಬರೂ ಆರಿಸಿಕೊಂಡರೆ ಬೇಕಾಗುವುದು 20 ಉದ್ಯೋಗ.