ರಕ್ತಪರಿಚಲನೆ: ಶೋಧದ ಚರಿತ್ರೆ

ವಯಸ್ಕರ ದೇಹದಲ್ಲಿರುವ ರಕ್ತ ಸುಮಾರು 5 ಲೀಟರ್. ವಿಶ್ರಾಂತಿಯಲ್ಲಿರುವಾಗಲೂ ಹೃದಯ ಬಡಿತವೊಂದಕ್ಕೆ ಹೆಚ್ಚುಕಡಿಮೆ 70 ಮಿಲಿಲೀಟರಿನಂತೆ ನಿಮಿಷಕ್ಕೆ 5 ಲೀಟರ್ ರಕ್ತವನ್ನು ಹೊರದೂಡುತ್ತದೆ. ಬಲ ಹೃತ್ಕುಕ್ಷಿಯಿಂದ ಶ್ವಾಸಕೋಶಕ್ಕೆ ಹೋದ ರಕ್ತ ಎಡ ಹೃತ್ಕರ್ಣಕ್ಕೆ ಬಂದು, ಎಡ ಹೃತ್ಕುಕ್ಷಿಯಿಂದ ಅಪಧಮನಿಗಳ ಮೂಲಕ ಮೈಯೆಲ್ಲ ಹರಡಿ, ಅಭಿಧಮನಿಗಳ ಮೂಲಕ ಮತ್ತೆ ಹೃದಯದ ಬಲಭಾಗಕ್ಕೆ ಮರಳುತ್ತದೆ. ಇಂದು ಶಾಲೆಯ ಮಕ್ಕಳೂ ಚಿತ್ರ ಬರೆದು ತೋರಿಸುವ ಈ ಸಂಗತಿಯನ್ನು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ಸಾಧಿಸಿ ತೋರಿಸಿದ್ದು 1628ರಲ್ಲಿ. ಹೃದಯ, ಅದರ ಕವಾಟಗಳು, ನಾಳಗಳು ಇವೆಲ್ಲವನ್ನೂ ಅವನಿಗಿಂತ ಎಷ್ಟೋ ಶತಮಾನ ಮೊದಲೇ ಕತ್ತರಿಸಿ ನೋಡಲಾಗಿತ್ತು. ಆದರೂ ರಕ್ತ ಸುತ್ತುತ್ತದೆಂಬುದು ಹೊಳೆಯದೆ ಇದ್ದುದಕ್ಕೆ ಮುಖ್ಯ ಕಾರಣ, ಎಷ್ಟು ರಕ್ತ ಹರಿಯುತ್ತದೆ ಎಂದು ಯಾರೂ ಲೆಕ್ಕ ಹಾಕದೆ ಇದ್ದದ್ದು.

ಕ್ರಿ.ಶ. ಎರಡನೆಯ ಶತಮಾನದ ಗ್ರೀಕ್ ವೈದ್ಯ ಗೇಲೆನ್ ಕೊಟ್ಟ ವಿವರಣೆ ಯೂರೋಪಿನಲ್ಲೂ ಅರಬ್ ನಾಡುಗಳಲ್ಲೂ ಸಾವಿರ ವರ್ಷಕ್ಕೂ ಮೀರಿ ನಿಂತಿತು. ಉಂಡ ಅನ್ನದ ಸಾರ ಯಕೃತ್ತಿನಲ್ಲಿ ರಕ್ತವಾಗುತ್ತದೆ, ಅದು ಅಭಿಧಮನಿಗಳಲ್ಲಿ ಹರಿದು ಅಂಗಾಂಗಗಳನ್ನು ಸೇರಿ ಅಲ್ಲೇ ಮುಗಿದುಹೋಗುತ್ತದೆ ಎಂಬುದು ಅವನ ಮತ. ಗದ್ದೆಗೆ ಹಾಯಿಸಿದ ನೀರು ಗದ್ದೆಯಲ್ಲೇ ಇಂಗಿದಂತೆ, ಮರಳಿ ಬರುವ ಮಾತೇ ಇಲ್ಲ. ಸ್ವಲ್ಪ ರಕ್ತ ಮಾತ್ರ ಹೃದಯದ ನಡುಗೋಡೆಯ ಕಣ್ಣಿಗೆ ಕಾಣದ ರಂಧ್ರಗಳಿಂದ ಬಲದಿಂದ ಎಡಕ್ಕೆ ಜಿನುಗಿ, ಅಲ್ಲಿ ಪ್ರಾಣವಾಯುವಿನ ಸತ್ವ ಪಡೆದು ಅಪಧಮನಿಗಳಿಗೆ ಇಳಿಯುತ್ತದೆ. ಇದನ್ನು ಬರಿಯ ಕಲ್ಪನೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅಪಧಮನಿಗಳಲ್ಲಿ ಇರುವುದು ಗಾಳಿಯಲ್ಲ, ರಕ್ತ ಎಂದು ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದವನು ಗೇಲೆನ್ನನೇ. ಅವನ ಕಣ್ಣು ಚುರುಕಾಗಿತ್ತು, ಕೈ ಪಳಗಿತ್ತು. ಅಭಿಧಮನಿಯ ರಕ್ತ ಕಪ್ಪು, ಅಪಧಮನಿಯದು ಕೆಂಪು, ಊಟ ಮಾಡಿದರೆ ಮೈ ತುಂಬುತ್ತದೆ ಎಂಬ ಅನುಭವಕ್ಕೆಲ್ಲ ಅವನ ವಿವರಣೆ ಹೊಂದುತ್ತಿತ್ತು.

ಈ ವ್ಯವಸ್ಥೆಯಲ್ಲಿ ಮೊದಲು ಬಿರುಕು ಬಿಟ್ಟದ್ದು ಆ ನಡುಗೋಡೆ. ಡಮಾಸ್ಕಸ್‌ನಲ್ಲಿ ಕಲಿತು ಕೈರೋದಲ್ಲಿ ವೈದ್ಯನಾಗಿದ್ದ ಇಬ್ನ್ ಅಲ್-ನಫೀಸ್ 1242ರಲ್ಲಿ, ಇಬ್ನ್ ಸೀನಾನ ಗ್ರಂಥದ ಅಂಗರಚನಾ ಭಾಗಕ್ಕೆ ಬರೆದ ವ್ಯಾಖ್ಯಾನದಲ್ಲಿ, ಗೋಡೆ ದಪ್ಪವಾಗಿದೆ, ಅದರಲ್ಲಿ ರಂಧ್ರಗಳಿಲ್ಲ, ರಕ್ತ ಶ್ವಾಸಕೋಶದ ಮೂಲಕವೇ ಎಡಕ್ಕೆ ಬರಬೇಕು ಎಂದು ಸ್ಪಷ್ಟವಾಗಿ ಹೇಳಿದ. ಆ ಹಸ್ತಪ್ರತಿಯ ಮಹತ್ವವನ್ನು ಈಜಿಪ್ಟಿನ ವೈದ್ಯರೊಬ್ಬರು ಬರ್ಲಿನ್ನಿನ ಗ್ರಂಥಾಲಯದಲ್ಲಿ ಗುರುತಿಸಿದ್ದು 1924ರಲ್ಲಿ. ಯೂರೋಪಿನಲ್ಲಿ ಮಿಖಾಯೆಲ್ ಸರ್ವೆಟಸ್ 1553ರಲ್ಲಿ, ರಿಯಾಲ್ಡೊ ಕೊಲಂಬೊ 1559ರಲ್ಲಿ ಇದೇ ಮಾತನ್ನು ಬರೆದರು. ಸರ್ವೆಟಸ್ ಅದನ್ನು ಬರೆದದ್ದು ಒಂದು ಧರ್ಮಗ್ರಂಥದಲ್ಲಿ. ಅದರ ಧಾರ್ಮಿಕ ವಿಚಾರಗಳಿಗಾಗಿ ಅವನನ್ನು ಅದೇ ವರ್ಷ ಜಿನೀವಾದಲ್ಲಿ ಜೀವಂತ ಸುಟ್ಟರು.

ಹಾರ್ವೆ ಓದಿದ್ದು ಇಟಲಿಯ ಪಡುವಾದಲ್ಲಿ. ಅವನ ಗುರು ಫ್ಯಾಬ್ರಿಷಿಯಸ್ ಅಭಿಧಮನಿಗಳ ಒಳಗಿನ ಕವಾಟಗಳ ಬಗ್ಗೆ 1603ರಲ್ಲಿ ಸಚಿತ್ರ ಪುಸ್ತಕವನ್ನೇ ಪ್ರಕಟಿಸಿದ. ರಕ್ತ ಒಮ್ಮೆಲೇ ಕೈಕಾಲುಗಳಿಗೆ ನುಗ್ಗದಂತೆ ಅವು ತಡೆಯುತ್ತವೆ ಎಂದು ಅವನು ತಿಳಿದಿದ್ದ. ಅಂದರೆ ಕವಾಟ ಕೈಗೆ ಸಿಕ್ಕಿದ್ದರೂ ಅದರ ಕೆಲಸ ಸಿಕ್ಕಿರಲಿಲ್ಲ. ಹಾರ್ವೆ ಕೇಳಿದ ಪ್ರಶ್ನೆ ಬೇರೆ. ಹೃದಯದಿಂದ ಬಡಿತಕ್ಕೆ ಒಂದು ಡ್ರಾಮ್, ಅಂದರೆ 4 ಗ್ರಾಮಿಗೂ ಕಡಿಮೆ ರಕ್ತ ಹೊರಬರುತ್ತದೆ ಎನ್ನೋಣ. ಅರ್ಧ ಗಂಟೆಗೆ ಬಡಿತ ಒಂದು ಸಾವಿರ ಮಾತ್ರ ಎನ್ನೋಣ. ಆಗಲೂ ಅರ್ಧ ಗಂಟೆಗೆ ಸುಮಾರು 3.9 ಕಿಲೋ, ದಿನಕ್ಕೆ 180 ಕಿಲೋಗೂ ಹೆಚ್ಚು ಆಯಿತು. ಅಷ್ಟು ರಕ್ತವನ್ನು ಯಾವ ಊಟವೂ ಕೊಡಲಾರದು, ಯಾವ ಅಂಗವೂ ಕುಡಿದು ಮುಗಿಸಲಾರದು. ಕುರಿಯ ರಕ್ತವನ್ನೂ ಅವನು ಅಳೆದು ನೋಡಿದ್ದ: ಒಟ್ಟು ನಾಲ್ಕು ಪೌಂಡಿಗಿಂತ ಹೆಚ್ಚಿಲ್ಲ. ಬಡಿತಕ್ಕೆ ಡ್ರಾಮಿನ ಮೂರನೆಯ ಒಂದು ಪಾಲಿನಂತೆ ಹಿಡಿದರೂ ಅರ್ಧ ಗಂಟೆಯಲ್ಲಿ ಮೂರೂವರೆ ಪೌಂಡು ಹೃದಯವನ್ನು ದಾಟಬೇಕು. ಹೋದದ್ದೇ ಮರಳಿ ಬರುತ್ತಿರಬೇಕು, ಬೇರೆ ದಾರಿಯಿಲ್ಲ. ಬರುವ ದಾರಿಯನ್ನು ಅವನು ತೋಳಿನ ಮೇಲೇ ತೋರಿಸಿದ. ತೋಳಿಗೆ ಬಟ್ಟೆ ಬಿಗಿದು ಕಟ್ಟಿದರೆ ಕಟ್ಟಿನ ಮೇಲ್ಭಾಗದಲ್ಲಿ ಅಪಧಮನಿ ಉಬ್ಬಿ ಮಿಡಿಯುತ್ತದೆ, ಕೈ ಮಾತ್ರ ಬಿಳಿಚಿ ತಣ್ಣಗಾಗುತ್ತದೆ. ಕಟ್ಟನ್ನು ತುಸು ಸಡಿಲಿಸಿದರೆ ಆಳದ ಅಪಧಮನಿ ತೆರೆದು, ಮೇಲಿರುವ ಅಭಿಧಮನಿಗಳು ಮುಚ್ಚಿಯೇ ಇರುತ್ತವೆ. ಕೈ ಕೆಂಪೇರಿ ಕಟ್ಟಿನ ಕೆಳಗೆ ಅಭಿಧಮನಿಗಳು ಎದ್ದು ಕಾಣುತ್ತವೆ. ಆ ಉಬ್ಬಿದ ನಾಳವನ್ನು ಒಂದು ಬೆರಳಿನಿಂದ ಒತ್ತಿಹಿಡಿದು, ಇನ್ನೊಂದರಿಂದ ರಕ್ತವನ್ನು ಮುಂದಿನ ಕವಾಟದಾಚೆಗೆ ತಳ್ಳಿದರೆ ನಡುವಿನ ತುಂಡು ಬರಿದಾಗಿಯೇ ಉಳಿಯುತ್ತದೆ. ಮೇಲಿನಿಂದ ಎಷ್ಟು ನೂಕಿದರೂ ರಕ್ತ ಹಿಂದಕ್ಕೆ ಬಾರದು. ಕವಾಟ ತೆರೆಯುವುದು ಹೃದಯದ ಕಡೆಗೆ ಮಾತ್ರ.

ಲೆಕ್ಕವೇ ನಿರ್ಣಾಯಕವಾಯಿತು ಎಂಬ ಮಾತಿಗೆ ಆಕ್ಷೇಪಗಳಿವೆ. ಹಾರ್ವೆಯ ಅಂಕಿಗಳೇ ತಪ್ಪಲ್ಲವೇ ಎಂಬುದು ಒಂದು. ನಿಜ, ಅರ್ಧ ಗಂಟೆಯಲ್ಲಿ ವಾಸ್ತವವಾಗಿ ಹರಿಯುವುದು ಸುಮಾರು 150 ಲೀಟರ್. ಆದರೆ ಅವನು ಬೇಕೆಂದೇ ಅತಿ ಕಡಿಮೆ ಅಂದಾಜು ಹಿಡಿದಿದ್ದ; ಅಂಕಿ ಏರಿದಷ್ಟೂ ಅವನ ವಾದ ಗಟ್ಟಿಯಾಗುತ್ತದೆ. ಅವನು ಅರಿಸ್ಟಾಟಲನ ಅನುಯಾಯಿ, ವೃತ್ತಾಕಾರದ ಚಲನೆಯೇ ಶ್ರೇಷ್ಠವೆಂಬ ನಂಬಿಕೆಯಿಂದ ಈ ಸುತ್ತನ್ನು ಕಂಡ ಎನ್ನುವವರೂ ಇದ್ದಾರೆ. ಆ ನಂಬಿಕೆ ಅವನ ಪುಸ್ತಕದಲ್ಲಿ ಇರುವುದು ಹೌದು. ಅದು ಊಹೆಗೆ ನೆರವಾಗಿರಬಹುದು. ಪ್ಯಾರಿಸ್ಸಿನ ರಿಯೊಲಾನ್‌ನಂಥ ಪ್ರಬಲ ಎದುರಾಳಿಗೆ ಉತ್ತರ ಕೊಡಲು ಅದು ಸಾಲದು. ನಮ್ಮವರು ಎತ್ತುವ ಆಕ್ಷೇಪ ಇನ್ನೊಂದು: ಆಯುರ್ವೇದಕ್ಕೆ ಇದು ಮೊದಲೇ ತಿಳಿದಿರಲಿಲ್ಲವೇ? ರಸವು ಹೃದಯದಿಂದ 24 ಧಮನಿಗಳಲ್ಲಿ ಹರಿದು ದೇಹವನ್ನು ಪೋಷಿಸುತ್ತದೆ ಎಂದು ಸುಶ್ರುತ ಸಂಹಿತೆ ಹೇಳುತ್ತದೆ. ರಸ ಹೃದಯದಿಂದ ಹೊರಟು ಸಿರೆಗಳ ಮೂಲಕ ಹೃದಯಕ್ಕೇ ಮರಳುತ್ತದೆ ಎಂಬ ಶ್ಲೋಕ ಭೇಲ ಸಂಹಿತೆಯಲ್ಲಿದೆ. ಇದು ಹೆಮ್ಮೆಪಡಬೇಕಾದ ಒಳನೋಟವೇ. ಆದರೆ ಅದೇ ಸುಶ್ರುತ ಸಂಹಿತೆ 700 ಸಿರೆಗಳ ಮೂಲವನ್ನು ಹೊಕ್ಕುಳಲ್ಲಿ ಇಡುತ್ತದೆ. ಎಷ್ಟು ರಸ, ಎಷ್ಟು ಹೊತ್ತಿನಲ್ಲಿ ಎಂಬ ಪ್ರಶ್ನೆಯಿಲ್ಲದ ಕಾರಣ ಎರಡು ಮಾತೂ ತಿಕ್ಕಾಟವಿಲ್ಲದೆ ಉಳಿದುಕೊಂಡವು. ಇಟಲಿಯ ಚೆಸಾಲ್ಪಿನೊ 'ಪರಿಚಲನೆ' ಎಂಬ ಪದವನ್ನೇ ಹಾರ್ವೆಗಿಂತ ಮೊದಲು ಬಳಸಿದ್ದ. ಅವನ ಬಗ್ಗೆಯೂ ಇದೇ ಮಾತು ಸಲ್ಲುತ್ತದೆ.

ಹಾರ್ವೆಯ ಸುತ್ತಿನಲ್ಲಿ ಒಂದು ಕೊಂಡಿ ಬಾಕಿಯಿತ್ತು. ಅಪಧಮನಿಯಿಂದ ಅಭಿಧಮನಿಗೆ ರಕ್ತ ಹೇಗೆ ದಾಟುತ್ತದೆಂಬುದನ್ನು ಅವನು ಕಾಣಲಿಲ್ಲ, 1657ರಲ್ಲಿ ತೀರಿಕೊಂಡ. 1661ರಲ್ಲಿ ಮಾಲ್ಪೀಘಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಡಿ ಇಟ್ಟು ಲೋಮನಾಳಗಳನ್ನು ಕಂಡ. ಲೆಕ್ಕ ಮುಂದಾಗಿ, ನೋಟ ಹಿಂದೆ ಬಂದದ್ದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ. ದೇಹವನ್ನು 'ವ್ಯೂಹ'ಗಳಾಗಿ ವಿಂಗಡಿಸಿ ನೋಡುವ ಇಂದಿನ ಕ್ರಮವೂ ಇಲ್ಲಿಂದಲೇ ಬಲ ಪಡೆಯಿತು. ರಕ್ತ ಸುತ್ತುವುದಾದರೆ ಅದು ಎಲ್ಲಿ ಏನು ಪಡೆಯುತ್ತದೆ, ಎಲ್ಲಿ ಏನು ಬಿಡುತ್ತದೆ ಎಂದು ಕೇಳಲೇಬೇಕಾಯಿತು. ಅನ್ನರಸ ಯಕೃತ್ತಿಗೆ ಹೋಗದೆ ಎದೆಯ ನಾಳವೊಂದರ ಮೂಲಕ ನೇರ ರಕ್ತಕ್ಕೆ ಸೇರುವುದನ್ನು ಪೆಕೆ 1651ರಲ್ಲಿ ತೋರಿಸಿದ. ರಕ್ತ ತಯಾರಿಸುವ ಪಟ್ಟ ಯಕೃತ್ತಿನಿಂದ ಕಳಚಿತು. ರಕ್ತದ ಬಣ್ಣ ಕೆಂಪಾಗುವುದು ಶ್ವಾಸಕೋಶದಲ್ಲಿ ಗಾಳಿಯ ಸಂಪರ್ಕದಿಂದ ಎಂದು ಲೋವರ್ 1669ರಲ್ಲಿ ಬರೆದ. 1902ರಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್, ಸಣ್ಣ ಕರುಳು ರಕ್ತಕ್ಕೆ ಬಿಟ್ಟ ಒಂದು ರಾಸಾಯನಿಕ ಮೇದೋಜೀರಕ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುತ್ತದೆಂದು ಕಂಡುಕೊಂಡರು. ಹಾರ್ಮೋನುಗಳ ಶಾಸ್ತ್ರ ಶುರುವಾದದ್ದು ಹಾಗೆ. ಪಚನ, ಉಸಿರಾಟ, ವಿಸರ್ಜನೆ ಎಂದು ಪಾಠಪುಸ್ತಕಗಳು ಬೇರೆ ಬೇರೆ ಅಧ್ಯಾಯ ಮಾಡಿದರೂ ಅವೆಲ್ಲ ಈ ಒಂದೇ ಹರಿವಿಗೆ ಕೊಡುವ, ಅದರಿಂದ ಪಡೆಯುವ ಕೆಲಸಗಳು. ಹಾರ್ವೆ ಕೇಳಿದ್ದು ಇಂದಿಗೂ ಆಸ್ಪತ್ರೆಯ ದಿನನಿತ್ಯದ ಪ್ರಶ್ನೆ: ಎಕೋ ವರದಿಯಲ್ಲಿ 'ಇ.ಎಫ್.' ಎಂದು ಬರೆದಿರುವುದು, ತುಂಬಿದ ಎಡ ಹೃತ್ಕುಕ್ಷಿ ಒಂದು ಬಡಿತಕ್ಕೆ ತನ್ನ ರಕ್ತದಲ್ಲಿ ಎಷ್ಟು ಪಾಲನ್ನು ಹೊರದೂಡುತ್ತದೆ ಎಂಬ ಲೆಕ್ಕ. ಅದು ಶೇ. 40ಕ್ಕಿಂತ ಕೆಳಗಿಳಿದರೆ ಹೃದಯದ ಸಂಕೋಚನ ಶಕ್ತಿ ಕುಂದಿದೆ ಎಂದೇ ವೈದ್ಯರು ಎಣಿಸುತ್ತಾರೆ.