ಹಳೆಯ ಅಣೆಕಟ್ಟಿನ ತೆರವು: ನೀರು ಪೂರೈಕೆ ಮತ್ತು ದೋಣಿ ಸಂಚಾರದ ರಕ್ಷಣೆ

ಅಣೆಕಟ್ಟೊಂದು ದಶಕಗಳ ಕಾಲ ನಿಂತಲ್ಲಿ ಅದರ ನೀರನ್ನು ಅವಲಂಬಿಸಿ ಕೊಳವೆಮಾರ್ಗ, ಬಾವಿ ಹಾಗೂ ದೋಣಿದಾರಿಗಳು ರೂಪುಗೊಂಡಿರುತ್ತವೆ. ಇವುಗಳಿಗೆ ಬದಲಿ ವ್ಯವಸ್ಥೆ ಸಿದ್ಧವಾದ ನಂತರವೇ ಜಲಾಶಯವನ್ನು ಬರಿದುಮಾಡಬೇಕು. ಅಮೆರಿಕದ ಕ್ಲಾಮತ್ ನದಿಯ ಅನುಭವ ಇದಕ್ಕೆ ಉತ್ತಮ ನಿದರ್ಶನ.

ಯೋಜನೆಯ ಹಿನ್ನೆಲೆ

ಆರಿಗನ್ ಮತ್ತು ಕ್ಯಾಲಿಫೋರ್ನಿಯಾ ರಾಜ್ಯಗಳಲ್ಲಿ ಹರಿಯುವ ಈ ನದಿಯ ನಾಲ್ಕು ಜಲವಿದ್ಯುತ್ ಅಣೆಕಟ್ಟುಗಳು ಸಾಲ್ಮನ್ ಮೀನುಗಳ ವಲಸೆಗೆ ತಡೆಯಾಗಿದ್ದವು. 2022ರ ನವೆಂಬರ್‌ನಲ್ಲಿ ತೆರವಿಗೆ ಅನುಮತಿ ದೊರೆಯಿತು. ಕಾಪ್ಕೊ-2 ಅಣೆಕಟ್ಟನ್ನು 2023ರಲ್ಲಿ, ಉಳಿದ ಮೂರನ್ನು 2024ರಲ್ಲಿ ತೆರವುಗೊಳಿಸಲಾಯಿತು.

ಕುಡಿಯುವ ನೀರು ಮತ್ತು ನೀರಾವರಿ

ವೈರೀಕಾ ಪಟ್ಟಣದ ನೀರಿನ ಕೊಳವೆಮಾರ್ಗವು ಐರನ್ ಗೇಟ್ ಜಲಾಶಯದ ಅಡಿಯಲ್ಲಿ ಹಾದುಹೋಗಿತ್ತು. ನಿಂತ ನೀರು ಇಳಿದ ಮೇಲೆ ನದಿಯ ರಭಸಕ್ಕೆ ಅದು ಹಾನಿಗೊಳ್ಳುವ ಸಂಭವವಿತ್ತು. ಆದ್ದರಿಂದ ಜಲಾಶಯವನ್ನು ಬರಿದುಮಾಡುವ ಮುನ್ನವೇ ಅಲ್ಲಿ ಹೊಸ ಕೊಳವೆಮಾರ್ಗವನ್ನು ಅಳವಡಿಸಲಾಯಿತು. ರೈತರ ನೀರಾವರಿಗೆ ಆಧಾರವಾದ ಸರೋವರವು ನದಿಯ ಮೇಲ್ಭಾಗದಲ್ಲಿದ್ದು, ಅಲ್ಲಿನ ಲಿಂಕ್ ರಿವರ್ ಮತ್ತು ಕೀನೊ ಅಣೆಕಟ್ಟುಗಳನ್ನು ಉಳಿಸಿಕೊಳ್ಳಲಾಯಿತು.

ಹೂಳು

ಜಲಾಶಯಗಳನ್ನು 2024ರ ಜನವರಿಯಲ್ಲಿ ಬರಿದುಮಾಡಲು ಆರಂಭಿಸಲಾಯಿತು. ಚಳಿಗಾಲದ ಹೆಚ್ಚಿನ ಹರಿವಿನಲ್ಲಿ ಹೂಳು ಕೊಚ್ಚಿಹೋಗಲಿ ಎಂಬುದು ಇದರ ಉದ್ದೇಶ. ನೀರಿಳಿದು ತೆರೆದುಕೊಂಡ ನೆಲದಲ್ಲಿ ಸ್ಥಳೀಯ ಸಸ್ಯಗಳ ಬೀಜ ಬಿತ್ತಿ ಮಣ್ಣಿನ ಸವಕಳಿಯನ್ನು ತಡೆಯಲು ಕ್ರಮ ಕೈಗೊಳ್ಳಲಾಯಿತು.

ದೋಣಿ ಸಂಚಾರ

ಬೇಸಿಗೆಯಲ್ಲಿ ವಿದ್ಯುದಾಗಾರದಿಂದ ನಿಗದಿತ ವೇಳೆಗೆ ಹೊರಬರುತ್ತಿದ್ದ ನೀರನ್ನೇ ದೋಣಿಯವರು ನಂಬಿದ್ದರು. ತೆರವಿನೊಂದಿಗೆ ಆ ಅನುಕೂಲ ಇಲ್ಲವಾಯಿತು. ಮುಳುಗಿದ್ದ ನದಿಪಾತ್ರ ಮಾತ್ರ ಮತ್ತೆ ತೆರೆದುಕೊಂಡಿತು. ಬದಲಾದ ಹರಿವಿಗೆ ತಕ್ಕಂತೆ ನದಿಗಿಳಿಯಲು ಹೊಸ ತಾಣಗಳನ್ನು ನಿರ್ಮಿಸಲಾಯಿತು.

ಸಣ್ಣ ಒಡ್ಡುಗಳ ತೆರವಿಗೂ ಅನ್ವಯಿಸುವ ಕ್ರಮಗಳು

1. ಸಂಬಂಧಿಸಿದ ಇಲಾಖೆಯ ಅನುಮತಿ ಹಾಗೂ ತಜ್ಞರ ಮಾರ್ಗದರ್ಶನವಿಲ್ಲದೆ ಯಾವುದೇ ಒಡ್ಡನ್ನು ಒಡೆಯಬಾರದು.

2. ಸುತ್ತಲಿನ ಬಾವಿ, ಕೊಳವೆಬಾವಿ ಹಾಗೂ ಪಂಪ್‌ಸೆಟ್‌ಗಳ ಪಟ್ಟಿ ಮಾಡಿ, ಬೇಸಿಗೆ ಮತ್ತು ಮಳೆಗಾಲ ಎರಡರಲ್ಲೂ ನೀರಿನ ಮಟ್ಟವನ್ನು ದಾಖಲಿಸಬೇಕು.

3. ಹೂಳಿನ ಪ್ರಮಾಣವನ್ನು ಅಳೆದು, ಅದರಲ್ಲಿ ವಿಷವಸ್ತುಗಳಿವೆಯೇ ಎಂದು ಪರೀಕ್ಷಿಸಬೇಕು.

4. ನೀರನ್ನು ಹಂತಹಂತವಾಗಿ ಇಳಿಸಬೇಕು. ಒಮ್ಮೆಲೇ ಬಿಟ್ಟರೆ ದಡ ಕುಸಿದು ಕೆಳಭಾಗದ ಜಮೀನುಗಳಿಗೆ ಹೂಳು ನುಗ್ಗುವುದು.

5. ದೋಣಿ, ತೆಪ್ಪ, ಹರಿಗೋಲು ನಡೆಸುವವರಿಗೆ ಹಾಗೂ ಮೀನುಗಾರರಿಗೆ ದಿನಾಂಕವನ್ನು ಮುಂಚಿತವಾಗಿ ತಿಳಿಸಿ, ಮೇಲ್ಭಾಗ ಮತ್ತು ಕೆಳಭಾಗಗಳೆರಡರಲ್ಲೂ ಎಚ್ಚರಿಕೆ ಫಲಕ ಹಾಕಬೇಕು. ಕಾಮಗಾರಿ ಮುಗಿಯುವವರೆಗೆ ಆ ಭಾಗದಲ್ಲಿ ಸಂಚಾರವನ್ನು ನಿಷೇಧಿಸಬೇಕು.

6. ಅರ್ಧ ಕೆಡವಿದ ಗೋಡೆ, ಚಾಚಿದ ಕಬ್ಬಿಣದ ಸರಳುಗಳನ್ನು ನೀರಿನಡಿ ಬಿಡಬಾರದು. ಕಣ್ಣಿಗೆ ಕಾಣದ ಈ ಅವಶೇಷಗಳು ದೋಣಿಯವರಿಗೆ ಪ್ರಾಣಾಪಾಯ ತರಬಲ್ಲವು.