ಕರಗ ಹೊತ್ತ ದೇಹದ ಸಮತೋಲನ: ಒಂದು ಚಾರಿತ್ರಿಕ ಅವಲೋಕನ

ಮಾಲೂರು, ಕೋಲಾರ ಸೀಮೆಯ ದ್ರೌಪದಿ ಕರಗವನ್ನು ನಾವು ಬಹುಮಟ್ಟಿಗೆ ಪುರಾಣ ಹಾಗೂ ಆಚರಣೆಯ ನೆಲೆಯಲ್ಲಿಯೇ ಪರಿಶೀಲಿಸಿದ್ದೇವೆ. ಸ್ಮೃತಿ ಶ್ರೀನಿವಾಸ್ ಅವರು 2001ರಲ್ಲಿ ಪ್ರಕಟಿಸಿದ ಬೆಂಗಳೂರು ಕರಗದ ಅಧ್ಯಯನವೂ ಪ್ರಧಾನವಾಗಿ ನಗರಸ್ಮೃತಿಯನ್ನು ಕುರಿತದ್ದು. ತಿಗಳ ಸಮುದಾಯದ ಕರಗಧಾರಿಯು ತಲೆಯ ಮೇಲಿನ ಕರಗವನ್ನು ಕೈಯಿಂದ ಮುಟ್ಟದೆ ಇರುಳೆಲ್ಲ ಸಾಗುವನು. ಈ ದೇಹಜ್ಞಾನವು ಹಾಡು, ಕಥೆಗಳಂತೆ ಬರಹಕ್ಕೆ ದಕ್ಕುವಂಥದಲ್ಲ.

ನಿಂತ ಮನುಷ್ಯನು ಎಂದೂ ನಿಶ್ಚಲನಲ್ಲ. 19ನೆಯ ಶತಮಾನದ ನಡುಭಾಗದಲ್ಲಿ ಜರ್ಮನಿಯ ವೈದ್ಯ ರೋಂಬರ್ಗ್, ಕೆಲವು ರೋಗಿಗಳು ಕಣ್ಣು ಮುಚ್ಚಿದೊಡನೆ ಓಲಾಡುವುದನ್ನು ದಾಖಲಿಸಿದನು. ಮುಂದೆ ಪಾದದ ಒತ್ತಡವನ್ನಳೆಯುವ ಹಲಗೆಗಳು ಬಂದವು. ಇಂದು ಸೊಂಟಕ್ಕೆ ಕಟ್ಟಿದ ಪುಟ್ಟ ಚಲನ ಸಂವೇದಕವೇ ಈ ಓಲಾಟವನ್ನು ಸೆಕೆಂಡಿಗೆ ನೂರು ಬಾರಿ ಗುರುತಿಸಬಲ್ಲದು.

ಆದರೆ ಸೊಂಟದ ಅಳತೆಯೊಂದನ್ನೇ ನಂಬಿದರೆ ಕರಗಧಾರಿಯು ಅಸ್ಥಿರನೆಂದು ತೋರಬಹುದು. ತಲೆ ಸ್ಥಿರವಾಗಿರಲೆಂದೇ ಅವನ ಮೊಣಕಾಲು, ಸೊಂಟಗಳು ಚಲಿಸುತ್ತವೆ. ಆದ್ದರಿಂದ ತಲೆಯ ಚಲನೆಯನ್ನೂ ಅಳೆಯಬೇಕು. ತಲೆಯ ಮೇಲಿರುವುದಾದರೋ ಶಕ್ತಿಸ್ವರೂಪಿಣಿ; ಆ ಇರುಳು ಅಲ್ಲಿ ಉಪಕರಣಕ್ಕೆ ಎಡೆಯಿಲ್ಲ. ಆಚರಣೆಯ ಹೊರಗೆ, ಸಮುದಾಯದ ಒಪ್ಪಿಗೆ ಪಡೆದು, ಬರಿಯ ಕೊಡ ಹೊತ್ತ ತಾಲೀಮಿನಲ್ಲಿ ಅಳೆಯುವುದೊಂದೇ ಯುಕ್ತವಾದ ಮಾರ್ಗ. ಹಿರಿಯ ಕರಗಧಾರಿಗಳ ದೇಹದೊಡನೆ ಈ ಅರಿವು ಅಳಿಯುವ ಮುನ್ನ ಜಾನಪದ ವಿದ್ವಾಂಸರು ಇದಕ್ಕೆ ಮುಂದಾಗಬೇಕಾಗಿದೆ.